ಲಂಗೋಟಿಯಿಂದ ಟ್ರ್ಯಾಕ್‌ಸೂಟಿನವರೆಗೆ: ಆಟದ ಬಟ್ಟೆ ತುಟ್ಟಿಯಾದ ಇತಿಹಾಸ

ನಮ್ಮ ಸಹಕಾರಿ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ಸಂಘದ ಸ್ಥಾಪನೆ, ಷೇರು ಬಂಡವಾಳ, ಬೆಳೆಸಾಲ, ಗೊಬ್ಬರದ ವ್ಯಾಪಾರ ಇವುಗಳ ಬಗ್ಗೆ ಮಾನ್ಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆದಿದ್ದಾರೆ. ಅದನ್ನೇ ನಾವೂ ಬರೆದರೆ ಓದುವವರಿಗೆ ಬ್ಯಾಸರ. ಆದ್ದರಿಂದ ಕಳೆದ ಎರಡು ಮೂರು ಮಹಾಸಭೆಗಳಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಎಂಬಲ್ಲಿಗೆ ಬಂದಾಗ ಯಾರಾದರೊಬ್ಬರು ಎದ್ದು ನಿಂತು ಆಡಿದ ಮಾತನ್ನೇ ನಾವು ವಿಷಯವಾಗಿ ತೆಗೆದುಕೊಂಡಿದ್ದೇವೆ. ಅದು ಮಕ್ಕಳ ಆಟದ ಬಟ್ಟೆಯ ಖರ್ಚು.

ಇದೇನು ದೊಡ್ಡ ವಿಷಯ ಅಂತ ಕೆಲವರಿಗೆ ಅನಿಸಬಹುದು. ಆದರೆ ಹೋದ ವರ್ಷ ಖೋ-ಖೋ ಆಟದಲ್ಲಿ ತಾಲೂಕು ಮಟ್ಟಕ್ಕೆ ಆಯ್ಕೆಯಾದ ನಮ್ಮೂರ ಒಬ್ಬ ಹುಡುಗಿ ಆಟಕ್ಕೆ ಹೋಗಲಿಲ್ಲ. ಮೈಯಾಗ ಆರಾಮಿಲ್ಲ ಅಂತ ಮನೆಯವರು ಹೇಳಿದರು. ಖರೇ ಮಾತು ಆಮೇಲೆ ಗೊತ್ತಾಯಿತು. ತಂಡದವರೆಲ್ಲ ಒಂದೇ ಬಣ್ಣದ ಟ್ರ್ಯಾಕ್‌ಸೂಟು, ಬೂಟು ತರಬೇಕೆಂದು ಠರಾವಾಗಿತ್ತು. ಎರಡೂ ಕೂಡಿ ಎರಡೂವರೆ ಸಾವಿರದ ಮೇಲಾಗುತ್ತಿತ್ತು. ಮಳೆ ಹೋದ ವರ್ಷ ಅದು, ಅಪ್ಪ ನಮ್ಮ ಸಂಘದ ಸದಸ್ಯ, ಬೆಳೆಸಾಲದ ಕಂತು ಬಾಕಿ. "ಆಟಕ್ಕ ಇಷ್ಟ್ಯಾಕ ಬೇಕವ್ವಾ, ನಾವು ಬರಿಗಾಲಾಗ ಆಡಿಲ್ಲೇನು?" ಅಂತ ಆತ ಮಗಳಿಗೆ ಕೇಳಿದನಂತೆ. ಆತ ಕೇಳಿದ್ದು ಸರಿಯೇ. ಆದರೆ ಮಗಳ ಪಾಲಿಗೆ ಆ ವರ್ಷ ಮತ್ತೆ ಬರುವುದಿಲ್ಲ. ಆಟಕ್ಕೆ ಇಷ್ಟು ಯಾಕೆ ಬೇಕಾಯಿತು, ಯಾವಾಗಿನಿಂದ ಬೇಕಾಯಿತು ಎಂಬುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಮೊದಲು ಗರಡಿಮನೆಯಿಂದ ಹಿಡಿಯೋಣ. ನಮ್ಮ ಭಾಗದಲ್ಲಿ ಆಟ ಅಂದರೆ ಕುಸ್ತಿಯೇ ಆಗಿದ್ದ ಕಾಲವಿತ್ತು. ಪೈಲವಾನನಿಗೆ ಬೇಕಾದ ಬಟ್ಟೆ ಒಂದು ಲಂಗೋಟಿ, ಕಣಕ್ಕೆ ಇಳಿಯುವಾಗ ಮೇಲೊಂದು ದಪ್ಪ ಜಾಂಗ್ಯಾ. ಉಳಿದಂತೆ ಕೆಮ್ಮಣ್ಣೇ ಬಟ್ಟೆ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡುತ್ತಿದ್ದರು. ಖರ್ಚು ಎಲ್ಲ ಹೊಟ್ಟೆಗೆ ಆಗುತ್ತಿತ್ತು. ಹಾಲು, ತುಪ್ಪ, ಬದಾಮಿ. ಬಟ್ಟೆಗೆ ಆಗುತ್ತಿದ್ದಿಲ್ಲ. ಊರ ಗೌಡನ ಮಗನೂ ಕೂಲಿಯವನ ಮಗನೂ ಲಂಗೋಟಿ ಕಟ್ಟಿ ನಿಂತರೆ ನೋಡುವವರಿಗೆ ಯಾರು ಯಾರೆಂದು ತಿಳಿಯುತ್ತಿದ್ದಿಲ್ಲ. ಇದನ್ನು ಹಿಂದಿನ ಕಾಲ ಬಹಳ ಚಲೋ ಇತ್ತು ಅಂತ ಹೊಗಳುವುದಕ್ಕೆ ಬರೆಯುತ್ತಿಲ್ಲ. ಆಗ ಎಲ್ಲರನ್ನೂ ಗರಡಿಯೊಳಗೆ ಬಿಡುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ. ಬಟ್ಟೆ ಮಾತ್ರ ಯಾರಿಗೂ ಅಡ್ಡಿಯಾಗಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಕುಸ್ತಿಯ ವಿಷಯ ಬಂದಮೇಲೆ ಖಾಶಾಬಾ ಜಾಧವ ಅವರ ಹೆಸರು ಹೇಳದೆ ಮುಂದೆ ಹೋಗಲಾಗದು. ಅವರು ನಮ್ಮ ನೆರೆಯ ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವರು. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಲಾಪುರದ ಮಹಾರಾಜರ ಸಹಾಯದಿಂದ ಹೋದರು. ಮಣ್ಣಿನಲ್ಲಿ ಆಡಿದ ಮೈ, ಅಲ್ಲಿ ಹಾಸಿದ್ದು ಮ್ಯಾಟು. ಆದರೂ ಆರನೆಯ ಸ್ಥಾನ ಪಡೆದರು. ಮುಂದೆ 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕಾದಾಗ ಹಣವಿರಲಿಲ್ಲ. ಊರವರು ಪಟ್ಟಿ ಕೂಡಿಸಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ ಅವರು ತಮ್ಮ ಸ್ವಂತ ಮನೆಯನ್ನು ಅಡವಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಜಾಧವ ಅವರು ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಒಬ್ಬನೇ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಕರಾಡ ಸ್ಟೇಶನ್ನಿಗೆ ನೂರಕ್ಕೂ ಹೆಚ್ಚು ಚಕ್ಕಡಿ ಹೂಡಿಕೊಂಡು ಬಂದು ಜನ ಅವರನ್ನು ಊರಿಗೆ ಕರೆದೊಯ್ದರು. ಆಮೇಲೆ ಅವರು ಕುಸ್ತಿಗಳನ್ನು ಆಡಿ ಗಳಿಸಿದ ಹಣದಿಂದ ಗುರುಗಳ ಮನೆ ಬಿಡಿಸಿಕೊಟ್ಟರು.

ಈ ಕಥೆಯಲ್ಲಿ ನಮಗೆ ಕಂಡದ್ದು ಏನೆಂದರೆ, ಆಗ ದುಡ್ಡು ಬೇಕಾದದ್ದು ದೇಶ ದಾಟಿ ಹೋಗುವುದಕ್ಕೆ. ಊರ ಕಣದಲ್ಲಿ ತಯಾರಾಗುವುದಕ್ಕೆ ದುಡ್ಡು ಬೇಡವಾಗಿತ್ತು. ಈಗ ತಾಲೂಕಿಗೆ ಹೋಗುವುದಕ್ಕೇ ಪಟ್ಟಿ ಕೂಡಿಸುವ ಹಾಗಾಗಿದೆ.

ಬರಿಗಾಲಿನ ಮಾತು ಬಂತಲ್ಲ, ಅದಕ್ಕೂ ಒಂದು ಸಾಕ್ಷಿ ಇದೆ. ಅದೇ 1948ರ ಲಂಡನ್ನಿನಲ್ಲಿ ನಮ್ಮ ದೇಶದ ಫುಟ್‌ಬಾಲ್ ತಂಡದ ಬಹಳ ಮಂದಿ ಬೂಟಿಲ್ಲದೆ ಆಡಿದರು. ಫ್ರಾನ್ಸಿನ ಮೇಲೆ ಒಂದು ಗೋಲು ಹೊಡೆದವರು ನಮ್ಮ ಮೈಸೂರು ಸೀಮೆಯ ಎಸ್. ರಾಮನ್ ಅವರು. ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಅವರೂ ಇದ್ದರು. ಕಡೆಗೆ 2-1ರಿಂದ ಸೋತರು. ಬೂಟಿಲ್ಲದ್ದಕ್ಕೆ ಸೋತರು ಅನ್ನೋಣ ಅಂದ್ರ, ಸಿಕ್ಕ ಎರಡು ಪೆನಾಲ್ಟಿಗಳನ್ನು ನಮ್ಮವರು ಕಳೆದುಕೊಂಡಿದ್ದರು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮಿನ ಕಲ್ಲು ಹಾಸಿದ ಬೀದಿಗಳಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ಕೊಟ್ಟ ಬೂಟು ಕಾಲಿಗೆ ಸರಿಹೋಗಲಿಲ್ಲವಂತೆ. ಇಂಥ ಕಥೆ ಹೇಳಿ ನಮ್ಮ ಹುಡುಗರಿಗೆ ಬೂಟು ಬೇಡ ಅನ್ನುವುದು ತಪ್ಪು. ಬೂಟಿನ ಬಗ್ಗೆ ಮುಂದೆ ಬೇರೆಯಾಗಿ ಬರೆಯುತ್ತೇವೆ.

ಲಂಗೋಟಿಯ ನಂತರ ಬಂದದ್ದು ಚಡ್ಡಿ ಮತ್ತು ಬನಿಯನ್. ಚಡ್ಡಿಯ ಬಟ್ಟೆಗೆ ಡ್ರಿಲ್ ಅನ್ನುತ್ತಾರೆ. ಖಾಕಿ ಡ್ರಿಲ್, ಬಿಳಿ ಡ್ರಿಲ್. ಇಲ್ಲಿ ಒಂದು ಮಾತು ನಮ್ಮ ಯುವಕರಿಗೆ ಗೊತ್ತಿರಲಿಕ್ಕಿಲ್ಲ. ಸರಕಾರವು 1964ರಿಂದ ಕಂಟ್ರೋಲ್ ಬಟ್ಟೆಯ ಯೋಜನೆ ನಡೆಸಿತ್ತು. ಗಿರಣಿಗಳು ಧೋತ್ರ, ಸೀರೆ, ಲಾಂಗ್‌ಕ್ಲಾತ್, ಅಂಗಿ ಬಟ್ಟೆ ಮತ್ತು ಡ್ರಿಲ್ ಈ ಐದು ತರದ ಬಟ್ಟೆಯನ್ನು ಇಂತಿಷ್ಟು ನೇಯ್ದು ನಿಗದಿಯಾದ ಬೆಲೆಗೆ ಕೊಡಬೇಕಾಗಿತ್ತು. ಆ ಬಟ್ಟೆ ಜನರಿಗೆ ಸಿಗುತ್ತಿದ್ದದ್ದು ಸಹಕಾರಿ ಸಂಘಗಳ ಮತ್ತು ನ್ಯಾಯಬೆಲೆ ಅಂಗಡಿಗಳ ಮೂಲಕ. 1976ರಲ್ಲಿ ಕೈಮಗ್ಗದವರಿಗೆಂದು ಜನತಾ ಬಟ್ಟೆಯ ಯೋಜನೆಯೂ ಬಂತು. ಹಿರಿಯರು ಇವತ್ತಿಗೂ ದಪ್ಪ ಬಟ್ಟೆ ನೋಡಿದರೆ "ಕಂಟ್ರೋಲ್ ಬಟ್ಟಿ ಇದ್ದಂಗ ಐತಿ" ಅನ್ನುತ್ತಾರೆ. ಅಂದರೆ ಸಹಕಾರಿ ಸಂಘದ ಕಟ್ಟೆಯ ಮೇಲೆ ಚಡ್ಡಿಯ ಬಟ್ಟೆ ಮಾರಿದ್ದು ಹೊಸದೇನಲ್ಲ. ಸಂಘ ಗೊಬ್ಬರ ಮಾರಬೇಕು, ಬಟ್ಟೆ ಯಾಕೆ ಅಂತ ಕೇಳುವ ಸದಸ್ಯರು ಇದನ್ನು ದಯವಿಟ್ಟು ಗಮನಿಸಬೇಕು.

ಬನಿಯನ್ ಬಂದದ್ದು ತಿರುಪ್ಪೂರಿನಿಂದ. ಸ್ವಾತಂತ್ರ್ಯಕ್ಕೂ ಮುಂಚೆಯೇ ಅಲ್ಲಿ ಬನಿಯನ್ ಹೆಣೆಯುವ ಮಿಷನ್ನುಗಳು ಬಂದಿದ್ದವು. ನೇಯ್ದ ಬಟ್ಟೆ ಹಿಗ್ಗುವುದಿಲ್ಲ, ಹೆಣೆದ ಬಟ್ಟೆ ಹಿಗ್ಗುತ್ತದೆ. ಕೈ ಎತ್ತಿದರೂ ಬಗ್ಗಿದರೂ ಹರಿಯುವುದಿಲ್ಲ. ಕಬಡ್ಡಿ ಆಡುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಅಮೆರಿಕದಲ್ಲಿಯೂ ಆಟದ ಬಟ್ಟೆಯ ಕಥೆ ಶುರುವಾದದ್ದು ಹೀಗೆಯೇ. ಉಣ್ಣೆಯ ಅಂಗಿ ಕಡಿಯುತ್ತದೆ ಅಂತ 1920ರ ದಶಕದಲ್ಲಿ ಅಲ್ಲಿ ದಪ್ಪ ಹತ್ತಿಯ ಅಂಗಿ ಹೊಲಿದರು. ಅದಕ್ಕೆ ಬೆವರಿನ ಅಂಗಿ ಎಂಬ ಅರ್ಥದ ಹೆಸರಿಟ್ಟರು. ಅದೇ ಈಗ ನಮ್ಮ ಹುಡುಗರು ಹಾಕುವ ಸ್ವೆಟ್‌ಶರ್ಟ್. ಆಟದ ಬಟ್ಟೆಯಲ್ಲಿ ಹತ್ತಿಯ ರಾಜ್ಯ ನಡೆದ ಕಾಲ ಅದು.

ನಾವು ಸಾಲಿಗೆ ಹೋಗುವ ಕಾಲಕ್ಕೆ, ಅಂದರೆ 1990ರ ಆಚೀಚೆ, ಶನಿವಾರ ಬಿಳಿ ಅಂಗಿ ಬಿಳಿ ಚಡ್ಡಿ. ಕ್ಯಾನ್ವಾಸ್ ಬೂಟು ಇದ್ದವರು ಅದಕ್ಕೆ ಖಡು ತಿಕ್ಕಿ ಬೆಳ್ಳಗೆ ಮಾಡುತ್ತಿದ್ದರು, ಇಲ್ಲದವರು ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಷ್ಟೇ. ಯಾರನ್ನೂ ಆಟದಿಂದ ಹೊರಗೆ ಹಾಕಿದ್ದು ನಮಗೆ ನೆನಪಿಲ್ಲ.

ಹಾಗಾದರೆ ಬೆಲೆ ಏರಿದ್ದು ಎಲ್ಲಿ? ನಮಗೆ ತಿಳಿದಂತೆ ಮೂರು ಸಂಗತಿಗಳು ಒಂದರ ಮೇಲೊಂದು ಬಂದವು. ಪಾಲಿಯೆಸ್ಟರ್ ಬಂತು, ಟಿ.ವಿ. ಬಂತು, ಅದರ ಹಿಂದಿನಿಂದ ಕಂಪನಿಯ ಗುರುತು ಬಂತು.

ಪಾಲಿಯೆಸ್ಟರನ್ನು 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಕಂಡುಹಿಡಿದರು. ಅದೇ ಟೆರಿಲಿನ್. ನಮ್ಮ ಅಪ್ಪಂದಿರು ಮದುವೆಗೆ ಟೆರಿಲಿನ್ ಅಂಗಿ ಹೊಲಿಸಿ ಅದನ್ನು ಹತ್ತು ವರ್ಷ ಟ್ರಂಕಿನಲ್ಲಿ ಕಾಯ್ದರು, ಯಾಕೆಂದರೆ ಆಗ ಅದು ತುಟ್ಟಿ. ಸರಕಾರ ಅದನ್ನು ಶ್ರೀಮಂತರ ಬಟ್ಟೆ ಎಂದು ತಿಳಿದು ದೊಡ್ಡ ತೆರಿಗೆ ಹಾಕಿತ್ತು. 1985ರ ಜವಳಿ ನೀತಿ ಬಂದ ನಂತರ ಗಿರಣಿಗಳು ಯಾವ ನೂಲನ್ನಾದರೂ ಬಳಸಬಹುದಾಯಿತು, ತೆರಿಗೆಯೂ ಇಳಿಯತೊಡಗಿತು, ಪಾಲಿಯೆಸ್ಟರ್ ಅಗ್ಗವಾಗುತ್ತ ಬಂತು. ಈಗ ಹತ್ತಿಗಿಂತ ಅದೇ ಸೋವಿ. ರಾಷ್ಟ್ರಧ್ವಜಕ್ಕೂ 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಳಸಬಹುದು ಎಂದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಅದರಿಂದ ಎಷ್ಟು ಸಂಕಟವಾಯಿತು ಎಂಬುದನ್ನು ಬರೆಯಹೋದರೆ ಬೇರೆ ಲೇಖನವೇ ಬೇಕು.

ಆಟಕ್ಕೆ ಪಾಲಿಯೆಸ್ಟರ್ ಯಾಕೆ ಒಗ್ಗಿತು ಎಂಬುದಕ್ಕೆ ಸರಳ ಕಾರಣವಿದೆ. ಹತ್ತಿಯ ನೂಲು ತನ್ನ ತೂಕದ ನೂರಕ್ಕೆ ಎಂಟೂವರೆಯಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿರುತ್ತದೆ; ಪಾಲಿಯೆಸ್ಟರ್ ಅರ್ಧದಷ್ಟೂ ಹಿಡಿಯುವುದಿಲ್ಲ, ನೂರಕ್ಕೆ 0.4 ಮಾತ್ರ. ಆದ್ದರಿಂದ ಬೆವರಿದ ಹತ್ತಿ ಬನಿಯನ್ ಮೈಗೆ ಅಂಟಿ ಭಾರವಾಗುತ್ತದೆ, ತೊಡೆಸಂದಿ ಬಗಲು ಉಜ್ಜಿ ಕೆಂಪಾಗುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಅದರ ದೋಷ ಅಂದರೆ ನಾತ. ಎರಡು ದಿನ ತೊಳೆಯದಿದ್ದರೆ ಹತ್ತಿರ ಸುಳಿಯಲಾಗದು. ಹತ್ತು ನಿಮಿಷದ ಆಟಕ್ಕೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ದಿನಾ ನಸುಕಿನಲ್ಲಿ ಐದಾರು ಕಿಲೋಮೀಟರ್ ಓಡುವವನಿಗೆ ಪಾಲಿಯೆಸ್ಟರ್ ಅನುಕೂಲ ಅಂತ ಹತ್ತಿ ಬೆಳೆಯುವ ನಾವೂ ಒಪ್ಪಲೇಬೇಕು.

ಟಿ.ವಿ.ಯ ಮಾತು. 1982ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಆಟಗಾರರು ಬಣ್ಣಬಣ್ಣದ ಟ್ರ್ಯಾಕ್‌ಸೂಟು ಹಾಕಿ ಮೆರವಣಿಗೆಯಲ್ಲಿ ನಡೆದದ್ದನ್ನು ಜನ ನೋಡಿದರು. ಹೊರದೇಶದಲ್ಲಿ ಇದು ಮೊದಲೇ ನಡೆದಿತ್ತು. ಬೂಟು ಮಾಡುತ್ತಿದ್ದ ಅಡಿಡಾಸ್ ಕಂಪನಿ 1967ರಲ್ಲಿ ಜರ್ಮನಿಯ ಫುಟ್‌ಬಾಲ್ ಆಟಗಾರ ಬೆಕೆನ್‌ಬವರ್ ಹೆಸರಿನಲ್ಲಿ ಟ್ರ್ಯಾಕ್‌ಸೂಟು ತಂದಿತು. ಆಟಗಾರನ ಹೆಸರಿಗೆ ಬೆಲೆ ಬಂದದ್ದು ಅಲ್ಲಿಂದ. ಅಮೆರಿಕದ ನೈಕಿ ಕಂಪನಿ 1971ರಲ್ಲಿ ತನ್ನ ಆ ಬಾಗಿದ ಗೆರೆಯ ಗುರುತನ್ನು ಬರೆಸಿತು. ಬರೆದುಕೊಟ್ಟ ವಿದ್ಯಾರ್ಥಿನಿಗೆ ಆಗ ಕೊಟ್ಟದ್ದು ಮೂವತ್ತೈದು ಡಾಲರ್. ಇವತ್ತು ಆ ಗೆರೆ ಇರುವ ಅಂಗಿಗೂ ಇಲ್ಲದ ಅಂಗಿಗೂ ಬೆಲೆಯಲ್ಲಿ ಎಷ್ಟು ಅಂತರ ಅಂತ ಪ್ಯಾಟಿಗೆ ಹೋಗಿ ಬಂದವರಿಗೆ ಗೊತ್ತು. 1990ರ ದಶಕದ ನಡುವಿನಲ್ಲಿ ಈ ಕಂಪನಿಗಳೆಲ್ಲ ನಮ್ಮ ದೇಶಕ್ಕೂ ಬಂದವು. ಹಳ್ಳಿಗೆ ಮಾತ್ರ ಬಹಳ ದಿನ ಬರಲಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಬಂದವು. ನಮ್ಮ ಮಣ್ಣಿನ ಆಟ ಮ್ಯಾಟಿನ ಮೇಲೆ, ದೀಪದ ಬೆಳಕಿನಲ್ಲಿ, ಬೆನ್ನ ಮೇಲೆ ಹೆಸರು ನಂಬರು ಬರೆದ ಜರ್ಸಿಯಲ್ಲಿ ಟಿ.ವಿ.ಗೆ ಬಂತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ಪು ಗೆದ್ದಾಗ ನಮ್ಮೂರ ಕಟ್ಟೆಯ ಮೇಲೆ ಪಟಾಕಿ ಹಾರಿದ್ದು ಎಲ್ಲರಿಗೂ ನೆನಪಿದೆ. ಆ ವರ್ಷದಿಂದ ಬನಿಯನ್ ಹಾಕಿ ಆಡಲು ಹುಡುಗರು ನಾಚತೊಡಗಿದರು.

ಇದೆಲ್ಲ ಬರೀ ಡೌಲು ಅಂತ ತಳ್ಳಿಹಾಕುವವರೂ ಇದ್ದಾರೆ. ನಾವು ಹಾಗೆ ಅನ್ನುವುದಿಲ್ಲ. ಒಂದು ಉದಾಹರಣೆ ಹೇಳುತ್ತೇವೆ. ನಮ್ಮ ಸಾಲಿಯ ಕಾಲದಲ್ಲಿ ದೊಡ್ಡ ಹೆಣ್ಣುಮಕ್ಕಳು ಆಟಕ್ಕೆ ಬರುತ್ತಿದ್ದದ್ದು ಬಹಳ ಕಡಿಮೆ. ಲಂಗದಲ್ಲಿ ಓಡಲಾಗದು, ಚಡ್ಡಿ ಹಾಕಿದರೆ ಊರವರ ಬಾಯಿ. ಟ್ರ್ಯಾಕ್ ಪ್ಯಾಂಟು ಮತ್ತು ಸಡಿಲ ಟಿ-ಶರ್ಟು ಬಂದ ಮೇಲೆ ಅವರು ಮೈದಾನಕ್ಕೆ ಇಳಿದರು, ಅಜ್ಜಿಯರೂ ಸುಮ್ಮನಾದರು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ನಮ್ಮ ದೇಶದ ಮಹಿಳೆಯರು ಗೆದ್ದರು. ಆ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಅವರಿದ್ದರು. ಹಳ್ಳಿಯ ಹುಡುಗಿಗೆ ಆಟದ ಬಟ್ಟೆ ಅಂದರೆ ಡೌಲಲ್ಲ, ಮನೆಯಿಂದ ಹೊರಬೀಳಲು ಸಿಕ್ಕ ಪರವಾನಗಿ. ಹಾಗೆಯೇ ಪೊಲೀಸ್ ಮತ್ತು ಸೈನ್ಯದ ಭರ್ತಿಗಾಗಿ ನಸುಕಿನ ಐದಕ್ಕೆ ಡಾಂಬರು ರಸ್ತೆಯ ಮೇಲೆ ಓಡುವ ನಮ್ಮ ಹುಡುಗರಿಗೆ ಅದು ನೌಕರಿಯ ಸಾಮಾನು. ರೈತನಿಗೆ ಕುಂಟೆ ಹೇಗೋ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ಹತ್ತಿ ಬೆಳೆಯುವವರಾದ್ದರಿಂದ ಈ ಲೆಕ್ಕ ನಮಗೆ ಸ್ವಲ್ಪ ಉರಿಯುವಂಥದು. ಧಾರವಾಡದಲ್ಲಿ ಕಾತರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು, ಆಮೇಲೆ ಡಿ.ಸಿ.ಎಚ್. 32 ತಳಿಯನ್ನು ಕೊಟ್ಟ ಸೀಮೆ ನಮ್ಮದು. ಒಂದು ಸಾದಾ ಹತ್ತಿ ಟಿ-ಶರ್ಟಿನ ತೂಕ ಸುಮಾರು 150 ಗ್ರಾಂ. ನೂಲುವಾಗ ಕತ್ತರಿಸುವಾಗ ಹಾಳಾಗುವುದನ್ನು ಸೇರಿಸಿ 200 ಗ್ರಾಂ ಅರಳೆ ಅನ್ನೋಣ. ಕಾಳು ತೆಗೆದರೆ ಹತ್ತಿಯಲ್ಲಿ ಅರಳೆ ಬರುವುದು ಮೂರರಲ್ಲಿ ಒಂದು ಪಾಲು. ಅಂದರೆ 600 ಗ್ರಾಂ ಹತ್ತಿ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8110 ರೂಪಾಯಿ. ಈ ಲೆಕ್ಕದಲ್ಲಿ ಒಂದು ಟಿ-ಶರ್ಟಿನಲ್ಲಿ ರೈತನ ಪಾಲು ಐವತ್ತು ರೂಪಾಯಿಯ ಒಳಗೇ. 2022ರಲ್ಲಿ ಹತ್ತಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು, ನಮ್ಮಲ್ಲಿ ಕೆಲವರು ಆ ವರ್ಷ ಮನೆಗೆ ಸ್ಲ್ಯಾಬ್ ಹಾಕಿದರು. ಆಗಲೂ ಒಂದು ಅಂಗಿಯಲ್ಲಿ ಇದ್ದದ್ದು ಅರವತ್ತು ಎಪ್ಪತ್ತು ರೂಪಾಯಿಯ ಹತ್ತಿ. ಆದ್ದರಿಂದ ಎಂಟುನೂರು ರೂಪಾಯಿಯ ಅಂಗಿಯನ್ನು ತೋರಿಸಿ "ಹತ್ತಿ ರೇಟು ಏರ್ಯಾವ್ರಿ" ಅನ್ನುವ ಅಂಗಡಿಯವರ ಮಾತನ್ನು ರೈತನಾದವನು ನಂಬಬಾರದು. ಪಾಲಿಯೆಸ್ಟರ್ ಅಂಗಿಯಲ್ಲಂತೂ ನಮ್ಮ ಪಾಲು ಸೊನ್ನೆ, ಅದು ಕಲ್ಲೆಣ್ಣೆಯ ಕೂಸು. 2025ರ ಆಗಸ್ಟ್ 19ರಿಂದ ಡಿಸೆಂಬರ್ ಕೊನೆಯವರೆಗೆ ಹೊರದೇಶದ ಹತ್ತಿಯ ಮೇಲಿನ ನೂರಕ್ಕೆ ಹನ್ನೊಂದರ ಸುಂಕವನ್ನೂ ತೆಗೆದರು. ಅದರಿಂದ ನಮ್ಮೂರ ಮಗುವಿನ ಬನಿಯನ್ ಒಂದು ರೂಪಾಯಿ ಇಳಿದದ್ದನ್ನು ನಾವು ಕಾಣಲಿಲ್ಲ.

ಉಳಿದ ಹಣ ಎಲ್ಲಿ ಹೋಗುತ್ತದೆ ಅಂದರೆ ಹೆಣಿಕೆ, ಬಣ್ಣ, ಹೊಲಿಗೆ, ಸಾಗಾಟ, ಅಂಗಡಿ ಬಾಡಿಗೆ. ಇವೆಲ್ಲ ಖರೇ ಖರ್ಚು. ಬಣ್ಣದ ಖರ್ಚಂತೂ ಏರಲೇಬೇಕಾಗಿತ್ತು. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಗೆ ಹರಿದು ಕೆಳಗಿನ ರೈತರ ಹೊಲ ಹಾಳಾದವು; 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಿತು. ನೀರು ಶುದ್ಧ ಮಾಡಿಯೇ ಬಣ್ಣ ಹಾಕಬೇಕೆಂದಾಗ ಬೆಲೆ ಏರಿದರೆ ಅದಕ್ಕೆ ನಮ್ಮ ತಕರಾರಿಲ್ಲ, ಅವರೂ ನಮ್ಮಂಥ ರೈತರೇ. ತಕರಾರು ಇರುವುದು ಮೇಲಿನ ಗುರುತಿನ ಬೆಲೆಗೆ ಮತ್ತು ಇಂಥದೇ ಅಂಗಡಿಯಲ್ಲಿ ತಗೊಳ್ಳಿ ಅನ್ನುವ ಪದ್ಧತಿಗೆ. ತೆರಿಗೆಯದೂ ಒಂದು ಮಾತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಸಾವಿರದ ಒಳಗಿನ ಬಟ್ಟೆಗೆ ನೂರಕ್ಕೆ 5, ಮೇಲಿನದಕ್ಕೆ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡೂವರೆ ಸಾವಿರದವರೆಗಿನ ಬಟ್ಟೆಗೂ ಬೂಟಿಗೂ 5, ಅದರ ಮೇಲೆ ಹೋದರೆ 18 ಆಗಿದೆ. ಎರಡೂವರೆ ಸಾವಿರದ ಗೆರೆ ದಾಟದಂತೆ ಖರೀದಿ ಮಾಡುವುದು ಶಾಣ್ಯಾತನ.

ಸೋವಿಯ ದಾರಿಗಳು ಏನಿವೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಗುರುತಿಲ್ಲದ ಸಾದಾ ಬಟ್ಟೆಯೇ ಮೊದಲನೆಯದು. ಸಂತೆಯಲ್ಲಿ ನೂರೈವತ್ತಕ್ಕೆ ಸಿಗುವ ದೊಡ್ಡ ಕಂಪನಿಯ ನಕಲಿ ಗುರುತಿನ ಅಂಗಿಯನ್ನು ನಾವು ಹೇಳುತ್ತಿಲ್ಲ. ಸುಳ್ಳು ಗುರುತಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಬದಲು ಗುರುತೇ ಇಲ್ಲದ್ದನ್ನು ತಗೊಂಡರೆ ಬಟ್ಟೆ ನೋಡಿ ಆರಿಸಬಹುದು. ಫ್ರಾನ್ಸ್ ದೇಶದ ಡೆಕಾಥ್ಲಾನ್ ಕಂಪನಿ 2009ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಒಂದು ಉಪಕಾರವಾಯಿತು. ತನ್ನದೇ ಹೆಸರಿನ ಸಾದಾ ಆಟದ ಬಟ್ಟೆಯನ್ನು ಕಡಿಮೆ ದರಕ್ಕೆ ಮಾರಬಹುದು ಅಂತ ಅದು ತೋರಿಸಿಕೊಟ್ಟಿತು. ಆದರೆ ಶಹರಕ್ಕೆ ಹೋಗಿಬರುವ ಬಸ್ ಚಾರ್ಜು, ಒಂದು ದಿನದ ಕೆಲಸ ಲೆಕ್ಕ ಹಾಕಿದರೆ ಒಬ್ಬಿಬ್ಬರ ಸಲುವಾಗಿ ಅದೂ ಗಿಟ್ಟುವುದಿಲ್ಲ.

ತಂಡಕ್ಕೆ ಒಂದೇ ತರಹದ ಜರ್ಸಿ ಬೇಕಾದರೆ ಈಗ ಪಾಲಿಯೆಸ್ಟರ್ ಬಟ್ಟೆಗೆ ಬಿಸಿಯಿಂದ ಬಣ್ಣ ಇಳಿಸುವ ಸಬ್ಲಿಮೇಶನ್ ಎಂಬ ಛಾಪು ಬಂದಿದೆ. ಕಾಗದದ ಮೇಲೆ ಮೊದಲು ಚಿತ್ರ ಮುದ್ರಿಸಿ, ಬಟ್ಟೆಯ ಮೇಲಿಟ್ಟು ಬಿಸಿಯಾಗಿ ಒತ್ತಿದರೆ ಬಣ್ಣ ಆವಿಯಾಗಿ ನೂಲಿನೊಳಗೆ ಸೇರುತ್ತದೆ, ತೊಳೆದರೆ ಸುಲಿದು ಬರುವುದಿಲ್ಲ. ಹತ್ತಿಗೆ ಇದು ಹತ್ತುವುದಿಲ್ಲ. ಹೆಸರು, ನಂಬರು, ಊರ ಹೆಸರು ಎಲ್ಲ ಒಂದೇ ಸಲಕ್ಕೆ. ಹನ್ನೆರಡು ಜರ್ಸಿ ಮಾಡಿಸಿದರೂ ಮಾಡಿಕೊಡುತ್ತಾರೆ. ಟ್ರ್ಯಾಕ್ ಪ್ಯಾಂಟನ್ನು ನಮ್ಮೂರ ಟೇಲರೇ ಹೊಲಿಯಬಲ್ಲರು. ಹೆಣೆದ ಬಟ್ಟೆಯ ತಾನು ತಂದುಕೊಟ್ಟರೆ ಸಾಕು. ಇನ್ನು ದೊಡ್ಡವರಿಗೆ ಚಿಕ್ಕದಾದದ್ದು ಸಣ್ಣವರಿಗೆ. ಮಕ್ಕಳು ವರ್ಷಕ್ಕೊಂದು ಅಳತೆ ಏರುತ್ತಾರೆ, ಟ್ರ್ಯಾಕ್‌ಸೂಟು ಮೂರು ವರ್ಷ ತಡೆಯುತ್ತದೆ. ಪಠ್ಯಪುಸ್ತಕ ಹಿಂದಿನ ವರ್ಷದವರಿಂದ ಇಸಿದುಕೊಂಡು ಓದಿದವರು ನಾವು, ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನಿಲ್ಲ.

ಬೂಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬಟ್ಟೆ ಸೋವಿ ಇದ್ದರೆ ಮೈ ಕೆಡುವುದಿಲ್ಲ, ಬೂಟು ಕೆಟ್ಟದಿದ್ದರೆ ಕಾಲು ಕೆಡುತ್ತದೆ. ಡಾಂಬರಿನ ಮೇಲೆ ದಿನಾ ಓಡುವ ಹುಡುಗರಲ್ಲಿ ಮೊಣಕಾಲು ಕೆಳಗಿನ ಎಲುಬು ನೋವೆಂದು ಭರ್ತಿಗೆ ಒಂದು ತಿಂಗಳಿರುವಾಗ ಮಲಗಿದವರನ್ನು ನಾವು ಕಂಡಿದ್ದೇವೆ. ಟ್ರ್ಯಾಕ್‌ಸೂಟಿನಲ್ಲಿ ಉಳಿಸಿದ ಸಾವಿರ ರೂಪಾಯಿ ಬೂಟಿಗೆ ಹೋಗಲಿ. ಸಾಧ್ಯವಿದ್ದಷ್ಟು ಹೊಲದ ದಾರಿಯ ಮೇಲೆ ಓಡಲಿ, ಅದಕ್ಕೆ ಬೆಲೆಯಿಲ್ಲ.

ಇಷ್ಟೆಲ್ಲ ಒಬ್ಬೊಬ್ಬರೇ ಮಾಡಹೋದರೆ ಆಗುವುದಿಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ 1844ರಲ್ಲಿ ಇಪ್ಪತ್ತೆಂಟು ಮಂದಿ ತಲಾ ಒಂದು ಪೌಂಡು ಹಾಕಿ ಅಂಗಡಿ ತೆಗೆದರು. ಅವರಲ್ಲಿ ಬಹಳ ಮಂದಿ ಬಟ್ಟೆ ನೇಯುವವರು. ಹಿಟ್ಟು, ಬೆಣ್ಣೆ, ಸಕ್ಕರೆ ಕೂಡಿ ತಂದು ಹಂಚಿಕೊಂಡರೆ ಸೋವಿ ಬೀಳುತ್ತದೆ ಎಂಬುದಷ್ಟೇ ಅವರ ವಿಚಾರ. ನಮ್ಮಲ್ಲಿ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಸಂಘ ಅದೇ ಬಳ್ಳಿಯ ಕಾಯಿ. ನೂರು ಚೀಲ ಗೊಬ್ಬರ ಕೂಡಿ ತಂದರೆ ಚೀಲಕ್ಕೆ ಎಷ್ಟು ಇಳಿಯುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಟ್ಟೆಯದೂ ಅದೇ ಲೆಕ್ಕ.

ಆ ಹುಡುಗಿಯ ವಿಷಯ ಗೊತ್ತಾದ ಮೇಲೆ ಆಡಳಿತ ಮಂಡಳಿಯಲ್ಲಿ ಚರ್ಚೆ ಆಯಿತು. ಸಂಘದ ದುಡ್ಡು ಆಟಕ್ಕೆ ಯಾಕೆ ಅಂತ ಹಿರಿಯ ನಿರ್ದೇಶಕರೊಬ್ಬರು ಗಟ್ಟಿಯಾಗಿಯೇ ವಿರೋಧಿಸಿದರು. ಅವರ ಮಾತಿನಲ್ಲೂ ಹುರುಳಿತ್ತು. ಇವತ್ತು ಬಟ್ಟೆ, ನಾಳೆ ಜಾತ್ರೆಯ ಆರ್ಕೆಸ್ಟ್ರಾ ಅಂತ ಬರುತ್ತಾರೆ. ಕಡೆಗೆ ದಾನ ಬೇಡ, ಖರೀದಿ ಮಾತ್ರ ಎಂದು ಒಪ್ಪಿದೆವು. ಶಾಲೆಯ ಮುಖ್ಯಗುರುಗಳನ್ನೂ ದೈಹಿಕ ಶಿಕ್ಷಕರನ್ನೂ ಕಂಡು, ಬಣ್ಣ ಯಾವುದೆಂದು ನೀವು ಹೇಳಿರಿ, ಎಲ್ಲಿ ತಗೋಬೇಕೆಂಬುದನ್ನು ನಮಗೆ ಬಿಡಿರಿ ಅಂದೆವು. ಅವರು ಸಂತೋಷದಿಂದ ಒಪ್ಪಿದರು. ಮೂವತ್ತೆರಡು ಮಕ್ಕಳ ಅಳತೆ ತೆಗೆಸಿದೆವು. ಜರ್ಸಿ ಒಂದಕ್ಕೆ 260 ರೂಪಾಯಿ ಬಿತ್ತು. ಟ್ರ್ಯಾಕ್ ಪ್ಯಾಂಟಿಗೆ ಬಟ್ಟೆ ಮತ್ತು ಊರ ಟೇಲರ ಹೊಲಿಗೆ ಕೂಡಿ 310. ಎರಡೂ ಸೇರಿ 570. ಪ್ಯಾಟಿಯ ಅಂಗಡಿಯಲ್ಲಿ ಟ್ರ್ಯಾಕ್‌ಸೂಟಿಗೆ ಮಾತ್ರ ಹೇಳಿದ್ದ ಬೆಲೆ 1450. ಹಣವನ್ನು ಸಂಘ ಮುಂಗಡವಾಗಿ ಕೊಟ್ಟಿತು, ಪಾಲಕರು ಸುಗ್ಗಿಯ ನಂತರ ಕಟ್ಟಿದರು. ಮೂವತ್ತೆರಡರಲ್ಲಿ ಇಬ್ಬರದು ಇನ್ನೂ ಬಾಕಿ ಇದೆ, ಬರುತ್ತದೆ.

ಈ ವರ್ಷದ ಮಹಾಸಭೆಯ ಮುಂದೆ ಇದನ್ನು ಕಾಯಂ ಮಾಡುವ ಠರಾವು ಬರಲಿದೆ. ಸದಸ್ಯರು ವಿಚಾರ ಮಾಡಿ ಬರಬೇಕು. ಜೂನ್ ಎರಡನೆಯ ವಾರದೊಳಗೆ ಹೆಸರು ಮತ್ತು ಅಳತೆಯನ್ನು ಕಾರ್ಯದರ್ಶಿಗಳ ಹತ್ತಿರ ಬರೆಸಿದರೆ ಜುಲೈಯಲ್ಲಿ ಆಟ ಶುರುವಾಗುವುದರೊಳಗೆ ಬಟ್ಟೆ ಕೈಸೇರುತ್ತದೆ. ಅಳತೆ ಕೊಡುವಾಗ ಒಂದು ನಂಬರು ದೊಡ್ಡದೇ ಬರೆಸಿರಿ, ಹೆಣ್ಣುಮಕ್ಕಳ ಪ್ಯಾಂಟಿಗೆ ಎರಡೂ ಕಡೆ ಕಿಸೆ ಇರಲಿ ಅಂತ ಅವರೇ ಕೇಳಿಕೊಂಡಿದ್ದಾರೆ. ಖೋ-ಖೋ ತಂಡದ ಒಂದು ಜರ್ಸಿಯನ್ನು, ಏಳನೆಯ ನಂಬರಿನದು, ಆ ಹುಡುಗಿಯ ಹೆಸರಿಗೆ ಹಚ್ಚಿ ಇಟ್ಟಿದ್ದೇವೆ.